ಹೆಣ ತೊಳೆಯುವ ಅಕ್ಕ

ಆಸ್ಪತ್ರೆಯ ಹಿಂಭಾಗದ ಶವಾಗಾರದಲ್ಲಿ ಹೆಣ ತೊಳೆಯುವ ಹೆಂಗಸನ್ನು ಎಲ್ಲರೂ ಅಕ್ಕ ಎಂದೇ ಕರೆಯುತ್ತಿದ್ದರು. ಹಾಗೆಂದು ಯಾರೂ ಆಕೆಯ ಪಕ್ಕ ಕೂತು ಊಟ ಮಾಡುತ್ತಿರಲಿಲ್ಲ. ಬಾಯಿಮಾತಿಗೆ ಅಕ್ಕ ಎನ್ನಲು ಯಾರ ಗಂಟೇನು ಹೋಗುತ್ತದೆ ಹೇಳಿ!

ಸತ್ತವರ ಮೈ ಮುಟ್ಟುವ ಮೊದಲು ಅವರಿಗೆ ಹೇಳಿಯೇ ಮುಟ್ಟುವುದು ಆಕೆಯ ಪದ್ಧತಿ. “ಸ್ವಲ್ಪ ಕೈ ಎತ್ತುತೀನಿ ಕಣಪ್ಪ. ನೀರು ತಣ್ಣಗಿದೆ, ಬೇಜಾರು ಮಾಡ್ಕೋಬೇಡ.” ಕಡೆಯ ನೀರಿಗೆ ಮಾತ್ರ ಒಂದಿಷ್ಟು ಲ್ಯಾವೆಂಡರ್ ಎಣ್ಣೆ. ಆ ಪರಿಮಳ ಇಲ್ಲದಿದ್ದರೆ ಹೆತ್ತ ಮಕ್ಕಳೂ ಬಾಗಿಲಾಚೆಯೇ ನಿಂತುಬಿಡುತ್ತಾರೆ ಎಂಬುದು ಆಕೆಗೆ ಗೊತ್ತಿತ್ತು.

ಎಣ್ಣೆ ತಂದುಕೊಡುತ್ತಿದ್ದ ಕಾಂಪೌಂಡರ್‌ಗೆ ಮಾತಿನ ಚಪಲ. ಒಂದು ದಿನ ಬಾಟಲಿ ಅಲ್ಲಾಡಿಸುತ್ತ ಶುರುಮಾಡಿದ.

“ಅಕ್ಕಾ, ಲ್ಯಾವೆಂಡರ್ ಅನ್ನೋ ಹೆಸರು ಎಲ್ಲಿಂದ ಬಂತು ಗೊತ್ತಾ? ಲ್ಯಾಟಿನ್‌ನಲ್ಲಿ ತೊಳೆಯೋದಕ್ಕೆ ಒಂದು ಮಾತಿದೆಯಂತೆ, ಅದರಿಂದ. ಹಿಂದೆ ಇಂಗ್ಲಿಷಿನೋರು ಬಟ್ಟೆ ಒಗೆಯೋ ಹೆಂಗಸನ್ನೇ ಲ್ಯಾವೆಂಡರ್ ಅಂತಿದ್ರಂತೆ. ಇನ್ನು ಕೆಲವರು, ಅಲ್ಲ, ನೀಲಿಗಟ್ಟೋದು ಅನ್ನೋ ಮಾತಿಂದ ಬಂತು ಅಂತ ಜಗಳ ಆಡ್ತಾರೆ.”

“ಜಗಳ ಯಾಕೆ? ಎರಡೂ ಇಲ್ಲೇ ಇದೆಯಲ್ಲ. ತೊಳೆಯೋಳು ನಾನು, ನೀಲಿಗಟ್ಟಿರೋರು ಇವರು,” ಎಂದಳು ಅಕ್ಕ.

ನಗಬೇಕೋ ಬೇಡವೋ ತಿಳಿಯದೆ ಕಾಂಪೌಂಡರ್ ಅಲ್ಲಿಂದ ಕಾಲ್ಕಿತ್ತ.

ಆ ಹೆಸರಿಗೆ ಯಾವ ನಿಘಂಟಿನಲ್ಲೂ ಸಿಗದ ಇನ್ನೊಂದು ಅರ್ಥವಿತ್ತು. ಅಕ್ಕನ ಮಗಳಿಗೆ ಲ್ಯಾವೆಂಡರ್ ಎಂದರೆ ಸತ್ತ ಅಪ್ಪ. ಅಪ್ಪನನ್ನು ಅಮ್ಮನೇ ತೊಳೆದಿದ್ದಳು. ಹಣೆಗೆ ಮುತ್ತಿಡಲು ಬಗ್ಗಿದ ಪುಟ್ಟ ಹುಡುಗಿಯ ಮೂಗಿಗೆ ಅಡರಿದ ಆ ವಾಸನೆ ಮತ್ತೆ ಬಿಟ್ಟುಹೋಗಿರಲಿಲ್ಲ. ಈಗ ಆ ಹುಡುಗಿಗೇ ಮಗು ಹುಟ್ಟಿತ್ತು. ಅಕ್ಕ ನೋಡಲು ಹೋದಾಗ ಮಗಳು ಕೂಸನ್ನು ಎದೆಗವಚಿಕೊಂಡು ಹಿಂದೆ ಸರಿದಳು.

“ತಪ್ಪು ತಿಳ್ಕೋಬೇಡಮ್ಮ. ನಿನ್ನ ಮೈಯೆಲ್ಲ ಅದೇ ವಾಸನೆ. ಅದು ಹೋಗೋವರೆಗೂ ಮಗೂನ ನಿನ್ನ ಕೈಗೆ ಕೊಡೋಕೆ ನನಗೆ ಆಗಲ್ಲ.”

ಅಕ್ಕ ಮನೆಗೆ ಬಂದು ಮೈ ಉಜ್ಜಿದ್ದೇ ಉಜ್ಜಿದ್ದು. ನಿಂಬೆಹಣ್ಣಾಯಿತು, ಬಟ್ಟೆ ಸೋಪಾಯಿತು. ಚರ್ಮ ಸುಲಿಯಿತೇ ಹೊರತು ವಾಸನೆ ಜಗ್ಗಲಿಲ್ಲ. ಮೊಮ್ಮಗುವನ್ನು ಒಮ್ಮೆ ಎತ್ತಿಕೊಳ್ಳುವ ಆಸೆ ಆಕೆಯನ್ನು ಒಳಗೊಳಗೇ ತಿನ್ನುತ್ತಿತ್ತು. ಕೊನೆಗೆ ಎಣ್ಣೆಯ ಬಾಟಲಿಯನ್ನು ಶವಾಗಾರದ ಕಪಾಟಿನಲ್ಲಿಟ್ಟು ಬೀಗ ಜಡಿದಳು. ಸತ್ತವರಿಗೇನು, ಮೂಗಿದೆಯೇ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಳು. ಬರಿಯ ನೀರಿನಲ್ಲೇ ಕೆಲಸ ಸಾಗಿತು. ಮೈಯಿಂದ ಪರಿಮಳ ಮೆಲ್ಲಮೆಲ್ಲಗೆ ಇಳಿಯಿತು.

ಮಗಳ ಮನೆಗೆ ಹೋಗುವ ಹಿಂದಿನ ದಿನ ಲಾರಿ ಡ್ರೈವರೊಬ್ಬ ತಾಯಿಯ ಹೆಣ ನೋಡಲು ಬಂದ. ಮುದುಕಿ ಒಂಟಿ ಕೋಣೆಯಲ್ಲಿ ಸತ್ತಿದ್ದು ನೆರೆಯವರಿಗೆ ತಿಳಿಯುವಷ್ಟರಲ್ಲಿ ತಡವಾಗಿತ್ತು. ಅಕ್ಕ ಎಷ್ಟು ನೀರು ಸುರಿದರೂ ನಾತ ಹೋಗಿರಲಿಲ್ಲ. ಕಪಾಟಿನ ಬೀಗದ ಕೈ ಸೊಂಟದಲ್ಲೇ ಇತ್ತು. ಆದರೂ ಆಕೆ ತೆಗೆಯಲಿಲ್ಲ. ನಾಳೆ ಒಂದು ದಿನ ಕಳೆಯಲಿ ಎಂದುಕೊಂಡಳು.

ಡ್ರೈವರ್ ಬಾಗಿಲು ದಾಟಿದವನು ಗಕ್ಕನೆ ನಿಂತ. ಬಾಯಿಗೆ ಅಂಗೈ ಒತ್ತಿಕೊಂಡು ಹೊರಗೋಡಿ, ಗೋಡೆ ಹಿಡಿದು ವಾಂತಿ ಮಾಡಿಕೊಂಡ. ಮತ್ತೆ ಬಂದ. ಮತ್ತೆ ಹೊಸ್ತಿಲಲ್ಲೇ ಹಿಂದೆ ಸರಿದ.

“ನನ್ನ ಹೆತ್ತವಳೇ ಕಣಕ್ಕ, ಆದ್ರೂ ಆಗ್ತಿಲ್ಲ. ಮುಚ್ಚಿಬಿಡಿ,” ಎಂದು ಬಿಕ್ಕಿದ. ಮುಖ ನೋಡದೆಯೇ ಶವಪೆಟ್ಟಿಗೆಯ ಹಿಂದೆ ನಡೆದುಹೋದ. ಇಂಥ ಪಾಪದ ಕೆಲಸವನ್ನು ಅಕ್ಕ ಜನ್ಮದಲ್ಲಿ ಮಾಡಿರಲಿಲ್ಲ.

ಮರುದಿನ ಹೋದರೆ ಮಗುವಿನ ಕೋಣೆಗೆ ತೆಳು ನೇರಳೆಯ ಹೊಸ ಬಣ್ಣ. “ಲ್ಯಾವೆಂಡರ್ ಕಲರ್ ಅತ್ತೆ, ಈಗ ಎಲ್ಲರೂ ಇದನ್ನೇ ಹೊಡೆಸ್ತಾರೆ,” ಎಂದ ಅಳಿಯ. ಬಣ್ಣಕ್ಕಿರುವ ಮರ್ಯಾದೆ ವಾಸನೆಗಿಲ್ಲ ನೋಡಿ. ಮಗಳು ಅಮ್ಮನ ಕತ್ತಿನ ಹತ್ತಿರ ಬಂದು ಮೂಸಿದಳು. ಅವಳ ಮುಖ ಅರಳಿತು. ತಾನಾಗಿಯೇ ಮಗುವನ್ನು ಅಮ್ಮನ ತೋಳಿಗಿಟ್ಟಳು.

ಮಗು ಬೆಚ್ಚಗಿತ್ತು. ಅಕ್ಕನ ಕೈ ಬೆಚ್ಚಗಿನ ಮೈ ಮುಟ್ಟಿ ಎಷ್ಟು ಕಾಲವಾಗಿತ್ತೋ. ಆಕೆಯ ಕಣ್ಣು ಮಂಜಾಯಿತು.

“ನೋಡಿದ್ಯಾ, ಮನಸ್ಸು ಮಾಡಿದ್ರೆ ಆಗುತ್ತೆ. ಇನ್ಮೇಲೆ ಹೀಗೇ ಇರಮ್ಮ,” ಎಂದಳು ಮಗಳು.

ಅಕ್ಕ ಮಗುವನ್ನು ಕಣ್ತುಂಬ ನೋಡಿ, ಮಗಳ ಕೈಗೆ ಹಿಂದಿರುಗಿಸಿದಳು.

“ಹಿಡ್ಕೋ. ನಿನ್ನೆ ನನ್ನಿಂದಾಗಿ ಒಬ್ಬ ಮಗ ಹೆತ್ತ ತಾಯಿ ಮುಖ ನೋಡದೆ ಹೋದ. ಹೀಗೇ ಇರೋಕೆ ನನ್ನ ಕೈಲಾಗಲ್ಲ ಮಗಳೇ.”

ಸೊಂಟದ ಬೀಗದ ಕೈ ಮುಟ್ಟಿ ನೋಡಿಕೊಂಡು ಆಕೆ ಶವಾಗಾರಕ್ಕೆ ಹೊರಟಳು. ಮಗಳು ತಡೆಯಲಿಲ್ಲ.