ಕಾಕು ಕೇಳಬೇಕೆಂದ ದನಿ

ಮೊನ್ನೆ ರವಿವಾರ ನನ್ನ ಇಯರ್‌ಫೋನುಗಳ ಡಬ್ಬಿ ತೆಗೆದು ಹರವಿಕೊಂಡು ಕುಳಿತಿದ್ದೆ. ಹೊಸ ಕೇಬಲ್ ತರಿಸಿದ್ದೆ, ಹಳೆಯವನ್ನೆಲ್ಲ ಆರಿಸಿ ಬೇಡದ್ದನ್ನು ಎಸೆಯಬೇಕಿತ್ತು. ಗಂಟು ಬಿದ್ದ ಕೇಬಲ್‌ಗಳ ನಡುವೆ ಒಂದು ಕಪ್ಪು ಕೇಬಲ್ ಕೈಗೆ ಬಂತು. ಅದಕ್ಕೊಂದು ಸೇಫ್ಟಿ ಪಿನ್ನು, ಜಾರದಂತೆ ಬಿಳಿ ದಾರದಿಂದ ಸುತ್ತಿ ಸುತ್ತಿ ಕಟ್ಟಿದ್ದು. ಆ ದಾರ ಸುತ್ತಿದ ಅಚ್ಚುಕಟ್ಟು ನೋಡಿದ ಕೂಡಲೇ ಯಾರ ಕೈಯೆಂದು ತಿಳಿಯಿತು... ಎಸೆಯಲು ಎತ್ತಿಕೊಂಡವಳು ಅದನ್ನು ಉಡಿಯಲ್ಲಿಟ್ಟುಕೊಂಡು ಹಾಗೇ ಕುಳಿತುಬಿಟ್ಟೆ.

ನಿಪ್ಪಾಣಿಯ ನಮ್ಮ ಓಣಿಯಲ್ಲಿ ನಮ್ಮ ಮನೆಗೂ ಕಾಕುವಿನ ಮನೆಗೂ ನಡುವೆ ಒಂದೇ ಗೋಡೆ. ಅವರು ನಮಗೆ ರಕ್ತಸಂಬಂಧಿಯೇನಲ್ಲ, ಓಣಿಗೆಲ್ಲ ಕಾಕು, ಮರಾಠಿಯ ಚಿಕ್ಕಮ್ಮ. ಅಂಗನವಾಡಿಯಲ್ಲಿ ಟೀಚರಾಗಿ ನಿವೃತ್ತರಾಗಿದ್ದರು. ಓಣಿಯ ಅರ್ಧ ಮಂದಿ ಅವರ ಕೈಯಲ್ಲಿ ಉಪ್ಪಿಟ್ಟು ತಿಂದು, ಅವರ ಬಾಯಿಂದ ಅಆಇಈ ಕಲಿತವರು. ನಾನೂ ಅವರಲ್ಲೊಬ್ಬಳು. ಮಾತು ಕನ್ನಡದಲ್ಲಿ ಶುರುವಾದರೆ ಮರಾಠಿಯಲ್ಲಿ ಮುಗಿಯುತ್ತಿತ್ತು, ಸಿಟ್ಟು ಬಂದರೆ ಮಾತ್ರ ಮೊದಲಿಂದ ಕೊನೆಯವರೆಗೂ ಕನ್ನಡ.

ಓಣಿಯ ತುದಿಯಲ್ಲಿ ನಮ್ಮ ಬುದ್ಧ ವಿಹಾರ. ಪ್ರತಿ ಹುಣ್ಣಿಮೆಯ ಸಂಜೆ ಅಲ್ಲಿ ವಂದನೆ. ಬಿಳಿ ಸೀರೆ ಉಟ್ಟು ಕಾಕು ಮುಂದೆ ಕೂಡುತ್ತಿದ್ದರು. ಅವರು ಒಂದು ಸಾಲು ಹೇಳಬೇಕು, ಮಂದಿ ಅದನ್ನು ತಿರುಗಿ ಹೇಳಬೇಕು. ತ್ರಿಶರಣ, ಪಂಚಶೀಲ, ಆಮೇಲೆ ಉಳಿದವು... ಹೊಸ ಸೊಸೆಯಾಗಿ ಈ ಓಣಿಗೆ ಬಂದಾಗ ಅತ್ತೆಯ ಪಕ್ಕ ಕುಳಿತು ಕೇಳಿ ಕೇಳಿಯೇ ಕಲಿತದ್ದಂತೆ. ಅತ್ತೆ ಹೋದ ಮೇಲೆ ಆ ಜಾಗಕ್ಕೆ ಇವರು ಬಂದರು. ಗಂಡ ತೀರಿಕೊಂಡ ತಿಂಗಳೂ ಹುಣ್ಣಿಮೆ ತಪ್ಪಿಸಿರಲಿಲ್ಲ ಎಂದು ಅವ್ವ ಹೇಳುತ್ತಿದ್ದಳು.

ಅಂಥ ಕಾಕುವಿನ ವಂದನೆ ಹದ ತಪ್ಪತೊಡಗಿತು. ಮಂದಿ ಇನ್ನೂ ಮೊದಲನೆಯ ಸಾಲಿನಲ್ಲಿರುವಾಗಲೇ ಕಾಕು ಎರಡನೆಯದಕ್ಕೆ ಕೈಹಾಕುತ್ತಿದ್ದರು. ಒಮ್ಮೊಮ್ಮೆ ಮಂದಿ ಹೇಳಿ ಮುಗಿಸಿ ಕಾಯುತ್ತಿದ್ದರೂ ಇವರು ಸುಮ್ಮನೆ ಕುಳಿತಿರುತ್ತಿದ್ದರು. ಅವರು ಏರಿಗೆ, ನಾವು ನೀರಿಗೆ! ಹಿಂದೆ ಕುಳಿತ ಮಕ್ಕಳು ಕಿಸಕ್ಕನೆ ನಗುತ್ತಿದ್ದರು. ಕಿವಿ ಮಂದವಾಗಿದೆ ಎಂಬುದು ಎಲ್ಲರಿಗೂ ಗೊತ್ತಿತ್ತು. ಬೆಳಗಾವಿಯ ಡಾಕ್ಟರು ಕಿವಿಗೆ ಮಷೀನು ಕೊಟ್ಟಿದ್ದರು, ಆದರೆ ವಿಹಾರದ ಲೌಡ್‌ಸ್ಪೀಕರಿನ ಹತ್ತಿರ ಹೋದ ಕೂಡಲೇ ಅದು ಕೂಗುತ್ತಿತ್ತು. "ಕಿವ್ಯಾಗ ಕುಕ್ಕರ್ ಇಟ್ಟಂಗ ಆಗತೈತಿ, ಸೀಟಿ ಹೊಡೀತೈತಿ" ಎಂದು ಅದನ್ನು ಕಪಾಟಿನೊಳಗೆ ಸೇರಿಸಿಬಿಟ್ಟಿದ್ದರು.

ವಿಹಾರದ ಕಮಿಟಿಯ ಹುಡುಗರು ಕೆಟ್ಟವರೇನಲ್ಲ. ಒಂದು ದಿನ ಬಂದು ಸಂಕೋಚದಿಂದಲೇ ಹೇಳಿದರು, "ಕಾಕೂ, ನೀವು ಆರಾಮ ಕುಂದರ್ರಿ. ಪೆನ್ ಡ್ರೈವಿನ್ಯಾಗ ವಂದನಾ ಸಿಗತೈತಿ, ಇನ್ನ ಮ್ಯಾಲ ಅದನ್ನ ಹಚ್ಚತೇವಿ." ಕಾಕು ಅವರಿಗೆ ಚಹಾ ಮಾಡಿಕೊಟ್ಟು, ಬಾಗಿಲವರೆಗೆ ಹೋಗಿ ಕಳಿಸಿದರು. ಆಮೇಲೆ ನಮ್ಮ ಮನೆಗೆ ಬಂದು ಅವ್ವನ ಎದುರು ಕುಳಿತು ಸೆರಗಿನಿಂದ ಕಣ್ಣೊರೆಸಿಕೊಂಡರು. ಕಾಕು ಅತ್ತದ್ದನ್ನು ನಾನು ನೋಡಿದ್ದು ಅದೇ ಮೊದಲು.

ನನಗೆ ಈ ಇಯರ್‌ಫೋನಿನ ಹುಚ್ಚು ಮೊದಲಿನಿಂದಲೂ ಇದೆ. ಚಿಕ್ಕೋಡಿಯ ಒಂದು ಸಹಕಾರಿ ಸೊಸೈಟಿಯಲ್ಲಿ ನನ್ನ ನೌಕರಿ, ದಿನಾ ಬಸ್ಸಿನ ಓಡಾಟ. ಬಸ್ಸಿನ ಗದ್ದಲದಲ್ಲಿ ಹಾಡು ಕೇಳಲು ಹೋಗಿ ಈ ಹುಚ್ಚಿಗೆ ಬಿದ್ದವಳು. ಯಾವ ರಬ್ಬರು ಕಿವಿಯಲ್ಲಿ ಗಾಳಿಯಾಡದಂತೆ ಕೂಡುತ್ತದೆ, ಯಾವ ಕೇಬಲ್ ಬಟ್ಟೆಗೆ ತಾಗಿದರೆ ಕಿವಿಯಲ್ಲಿ ಖರ್ ಎನ್ನುತ್ತದೆ, ಯಾವ ಆಂಪ್ಲಿಫೈಯರ್ ದನಿ ಕೊಡುವ ಮೊದಲೇ ಸುಂಯ್ ಎನ್ನುತ್ತದೆ ಎಂದು ಯಾರಾದರೂ ಕೇಳಿದರೆ ಸಾಕು, ಊಟ ಬಿಟ್ಟು ಹೇಳುತ್ತಿದ್ದೆ. ಯಾರೂ ಕೇಳುತ್ತಿರಲಿಲ್ಲ. ಮನೆಯಲ್ಲಂತೂ ಕೋಣನ ಮುಂದೆ ಕಿನ್ನರಿ. "ಕಿವಿಗೆ ಬತ್ತಿ ಇಟ್ಕೊಂಡ ಕುಂತಾಳ ನೋಡ" ಎಂದು ಅವ್ವ ಬಂದವರಿಗೆಲ್ಲ ತೋರಿಸುತ್ತಿದ್ದಳು.

ಹಾಡುವವರು ತಮ್ಮ ದನಿ ತಮಗೇ ಕೇಳಲೆಂದು ಸ್ಟೇಜಿನ ಮೇಲೆ ಕಿವಿಗೆ ಇಂಥದೇ ಹಾಕಿಕೊಳ್ಳುತ್ತಾರೆ ಎಂದು ನನಗೆ ಗೊತ್ತಿತ್ತು. ಕಾಕುವಿಗೂ ಅದನ್ನೇ ಮಾಡಿದರೆ? ಅವರ ದನಿ ಅವರಿಗೇ ಕೇಳದ್ದಕ್ಕೆ ಹದ ತಪ್ಪುತ್ತಿದೆ ಎಂದು ನಾನು ಅಂದುಕೊಂಡೆ. ಒಂದು ಹುಣ್ಣಿಮೆಯ ಅವಕಾಶ ಕೊಡಿರೆಂದು ಕಮಿಟಿಯವರ ಹತ್ತಿರ ಕೇಳಿಕೊಂಡೆ. ಕೊಟ್ಟರು. ಹದ ಬಂದರೆ ಕಾಕು, ಇಲ್ಲದಿದ್ದರೆ ಪೆನ್ ಡ್ರೈವು.

ಮುಂದಿನ ರವಿವಾರ ಕಾಕುವಿನ ಪಡಸಾಲೆಯಲ್ಲಿ ನನ್ನ ಡಬ್ಬಿ ತೆರೆಯಿತು. ಮೊದಲು ಸ್ಪಂಜಿನ ರಬ್ಬರು ಹಾಕಿ ನೋಡಿದೆ. ಹೊರಗಿನ ಸದ್ದು ನಿಂತಿತು, ಆದರೆ ಕಾಕು ಬಾಯಿ ತೆರೆದದ್ದೇ ಬೆಚ್ಚಿಬಿದ್ದರು. "ಅಯ್ಯ ನಮ್ಮವ್ವ! ಬಾವ್ಯಾಗ ಕುಂತ ಮಾತಾಡಿದಂಗ ಕೇಳತೈತಿ." ತೆಗೆದು ತೆಳುವಾದ ರಬ್ಬರು ಹಾಕಿದೆ. ಎಡಗಿವಿಗೆ ನಡುವಿನ ಅಳತೆಯದು ಕೂತಿತು, ಬಲಗಿವಿಗೆ ಜಾರಿ ಬಿತ್ತು. ಸಣ್ಣದು ಹಾಕಿದರೆ ಬಲಗಿವಿ ಒಪ್ಪಿತು. ಎರಡು ಕಿವಿಗೆ ಎರಡು ಅಳತೆ! ಎಲ್ಲರಿಗೂ ಸ್ವಲ್ಪ ಹಾಗೇ ಇರುತ್ತದೆ ಎಂದರೂ ಅವರು ನಂಬಲಿಲ್ಲ. ಪ್ರತಿ ಸಲ ರಬ್ಬರು ಒಳಗೆ ಹೋಗುವಾಗ ಕಚಗುಳಿಯಾಗಿ ಹೆಗಲು ಏರಿಸಿ ಪೋರಿಯಂತೆ ನಗುತ್ತಿದ್ದರು.

ಕೇಬಲ್ಲಿನದು ಬೇರೆಯೇ ತಕರಾರು. ನನ್ನದು ಕಿವಿಯ ಮೇಲಿಂದ ಸುತ್ತಿ ಬರುವಂಥದ್ದು. ಕಾಕುವಿನ ಕಿವಿಯ ಮೇಲಂಚಿನಲ್ಲಿ ಮುತ್ತಿನ ಬುಗುಡಿ, ಕೇಬಲ್ ಹೋಗಿ ಅದಕ್ಕೇ ಸಿಕ್ಕಿಕೊಳ್ಳುತ್ತಿತ್ತು. ಒಂದು ಸಂಜೆಯ ಮಟ್ಟಿಗೆ ಬುಗುಡಿ ತೆಗೆದಿಡಿ ಎಂದೆ.

"ತಗದ್ರ ತೂತ ಮುಚ್ಚತೈತಿ. ಈ ವಯಸ್ಸಿನ್ಯಾಗ ಮತ್ತ ಚುಚ್ಚಿಸ್ಕೊಳ್ಳಲಿ ಏನ? ನಿನ್ನ ವಾಯರ್ ಬದಲ ಮಾಡ."

ಬದಲು ಮಾಡಿದೆ. ಕಿವಿಯಿಂದ ನೇರ ಕೆಳಗೆ ಇಳಿಯುವ ಮೆತ್ತನೆಯ ಕಪ್ಪು ಕೇಬಲ್. ಅದು ಸೆರಗಿಗೆ ಉಜ್ಜಿ ಸದ್ದು ಮಾಡದಿರಲೆಂದು ಕಾಕು ತಾವೇ ದಾರ ಸುತ್ತಿ ಪಿನ್ನು ಕಟ್ಟಿ ಕುಪ್ಪಸಕ್ಕೆ ಸಿಗಿಸಿಕೊಂಡರು. ಆಂಪ್ಲಿಫೈಯರ್ ಮಾತ್ರ ನನ್ನ ಆಯ್ಕೆ. ನನ್ನ ಹತ್ತಿರವಿದ್ದ ಜೋರಿನದು ಇಷ್ಟು ಸಣ್ಣ ಇಯರ್‌ಫೋನಿಗೆ ಹೆಚ್ಚಾಗಿ ಸುಂಯ್ ಎನ್ನುತ್ತಿತ್ತು. ಬೆಂಕಿಪೊಟ್ಟಣದಷ್ಟು ಚಿಕ್ಕದೊಂದನ್ನು ತರಿಸಿ, ಅದಕ್ಕೆ ಸೆರಗಿಗೆ ಹಚ್ಚುವ ಮೈಕು ಜೋಡಿಸಿದೆ. ದನಿ ಎಲ್ಲಿಯವರೆಗೆ ಏರಿಸಬಹುದೆಂದು ಬೆಳಗಾವಿಯ ಡಾಕ್ಟರನ್ನೇ ಕೇಳಿ ಅದರಾಚೆ ಹೋಗದಂತೆ ಗುರುತು ಹಾಕಿಕೊಂಡೆ. ಪಡಸಾಲೆಯಲ್ಲಿ ಕಾಕು ಒಂದು ಸಾಲು ಹೇಳಿದರು. ದನಿ ನೆಟ್ಟಗೆ ನಿಂತಿತು. ಗೆದ್ದೆವು ಎಂದು ಹಿಗ್ಗಿ ಹೀರೆಕಾಯಿಯಾದೆ.

ಹುಣ್ಣಿಮೆ ಬಂತು. ವಿಹಾರ ತುಂಬಿತ್ತು. ಕಾಕು ಶುರು ಮಾಡಿದರು, ದನಿ ಎಷ್ಟು ಚೆಂದವಿತ್ತೆಂದರೆ ಹಿಂದಿನ ಮಕ್ಕಳು ಕೂಡ ಸುಮ್ಮನಾದರು. ಆದರೆ ಮೂರನೆಯ ಸಾಲಿಗೇ ಮತ್ತೆ ಹಳೆಯ ಕಥೆ. ಮಂದಿ ಹೇಳುತ್ತಿರುವಾಗಲೇ ಕಾಕು ಮುಂದೆ ಓಡಿದರು. ಈ ಸಲ ಮೊದಲಿಗಿಂತ ಜೋರಾಗಿ ಓಡಿದರು. ಸಾಲುಗಳು ಒಂದರ ಮೇಲೊಂದು ಬಿದ್ದವು. ಕಾಕುವಿಗೆ ನಮ್ಮ ಮುಖ ನೋಡಿಯೇ ತಿಳಿಯಿತು. ನಡುವೆಯೇ ನಿಲ್ಲಿಸಿದರು. ಕಮಿಟಿಯ ಒಬ್ಬ ಎದ್ದು ಲೌಡ್‌ಸ್ಪೀಕರಿನ ಕಡೆ ಹೋಗತೊಡಗಿದ.

ನಾನು ಬಗ್ಗಿ ಓಡಿ ಕಾಕುವಿನ ಹತ್ತಿರ ಹೋದೆ. ದನಿ ಕೇಳುತ್ತಿಲ್ಲವೇ ಎಂದೆ. ಕಾಕು ಒಂದು ಕಿವಿಯದನ್ನು ತೆಗೆದು ಕೈಯಲ್ಲಿ ಹಿಡಿದರು.

"ಕೇಳತೈತಿ ಮಗಳ, ನಂದ ದನಿ ನನಗ ಚಲೋ ಕೇಳತೈತಿ. ನಂದ ನನಗ್ಯಾಕ ಬೇಕ? ಅದು ಬಾಯಾಗ ಐತೆಲ್ಲ. ಮಂದಿ ಅಂದದ್ದ ಕೇಳಬೇಕ ನನಗ. ಅವ್ರು ಮುಗಿಸಿದ್ದ ಗೊತ್ತಾಗದ ನಾ ಹೆಂಗ ಮುಂದ ಹೋಗ್ಲಿ?"

ಇಷ್ಟು ದಿನ ನಾವೆಲ್ಲ ಅವರ ದನಿಯ ಚಿಂತೆ ಮಾಡಿದ್ದೆವು. ಅವರಿಗೆ ಬೇಕಾದದ್ದು ನಮ್ಮ ದನಿ. ರಬ್ಬರು ಹಾಕಿ ನಾನು ಮೊದಲು ಅವರಿಗೆ ಕೇಳುತ್ತಿದ್ದಷ್ಟನ್ನೂ ಮುಚ್ಚಿಬಿಟ್ಟಿದ್ದೆ. ಥಟ್ಟನೆ ಅವರ ಸೆರಗಿನಿಂದ ಮೈಕು ಬಿಚ್ಚಿ ಮಂದಿಯ ಕಡೆ ತಿರುಗಿಸಿದೆ. ವಾಯರ್ ಗಿಡ್ಡ, ಹೆಂಗಸರ ಸಾಲಿನವರೆಗೆ ಹೋಗಲಿಲ್ಲ. ಹಾಗಾಗಿ ಕಾಕುವಿನ ಮೊಣಕಾಲ ಹತ್ತಿರವೇ ಕುಳಿತು, ಮಂದಿಯತ್ತ ಮುಖ ಮಾಡಿ, ಮೈಕನ್ನು ಕೈಯಲ್ಲಿ ಎತ್ತಿ ಹಿಡಿದೆ. ಕಾಕು ತೆಗೆದದ್ದನ್ನು ಮತ್ತೆ ಕಿವಿಗೆ ಇಟ್ಟುಕೊಂಡು ಮೊದಲಿನಿಂದ ಹೇಳಿದರು. ಮಂದಿ ತಿರುಗಿ ಹೇಳಿದರು. ನಾನು ಹೊರಳಿ ನೋಡಿದೆ. ಕಾಕು ಕಣ್ಣು ಮುಚ್ಚಿ ಕೇಳುತ್ತಿದ್ದರು, ಕೊನೆಯ ಅಕ್ಷರ ಮುಗಿಯುವವರೆಗೂ ಕೇಳಿದರು, ಆಮೇಲೆ ಮುಂದಿನ ಸಾಲು ಎತ್ತಿಕೊಂಡರು. ಲೌಡ್‌ಸ್ಪೀಕರಿನ ಕಡೆ ಹೊರಟವನು ಅಲ್ಲೇ ಕುಳಿತು ಕೈಮುಗಿದ. ನನಗೆ ಕಣ್ಣು ತುಂಬಿ ಮಂದಿ ಕಾಣದಂತಾದರು.

ಮುಂದಿನ ಹುಣ್ಣಿಮೆಗೆ ಉದ್ದ ವಾಯರ್ ತಂದೆ. ಮೈಕನ್ನು ಒಂದು ಸ್ಟ್ಯಾಂಡಿಗೆ ಹಚ್ಚಿಡುತ್ತೇನೆ ಎಂದರೆ ಕಾಕು ಬೇಡವೆಂದರು. "ಸ್ಟ್ಯಾಂಡಿಗೇನ ತಿಳೀತೈತಿ? ನೀನ ಹಿಡಿ." ಅಲ್ಲಿಂದ ಪ್ರತಿ ಹುಣ್ಣಿಮೆ ನನ್ನ ಜಾಗ ಅದೇ ಆಯಿತು. ಚಿಕ್ಕೋಡಿಯಿಂದ ಬಸ್ಸು ತಡವಾದರೆ ಕಾಕು ಶುರು ಮಾಡದೆ ಕಾಯುತ್ತಿದ್ದರು. ಮೈಕಿಗೆ ಎಲ್ಲರಿಗಿಂತ ಹತ್ತಿರ ನನ್ನ ಬಾಯಿಯೇ ಇದ್ದದ್ದರಿಂದ ನನ್ನ ತಪ್ಪುಗಳೆಲ್ಲ ನೇರ ಅವರ ಕಿವಿಗೆ ಹೋಗುತ್ತಿದ್ದವು. ವಂದನೆ ಮುಗಿದು ಮನೆಗೆ ಬರುವ ದಾರಿಯುದ್ದಕ್ಕೂ ಅದೇ ಪಾಠ, ಎಲ್ಲಿ ಉಸಿರು ನುಂಗಿದೆ, ಎಲ್ಲಿ ಅಕ್ಷರ ಎಳೆದೆ... ಇಷ್ಟು ವಯಸ್ಸಾದ ಮೇಲೂ ಅಂಗನವಾಡಿ ತಪ್ಪಲಿಲ್ಲವಲ್ಲ ಎಂದು ಗೊಣಗುತ್ತಿದ್ದೆ. ಒಳಗೊಳಗೇ ಬಹಳ ಸುಖವಾಗಿತ್ತು.

ಎರಡು ಮಳೆಗಾಲ ಹೀಗೆ ನಡೆಯಿತು. ಆಮೇಲೆ ಒಂದು ಮಧ್ಯಾಹ್ನ, ಉಂಡು ಅಡ್ಡಾದ ಕಾಕು ಏಳಲಿಲ್ಲ. ಅವ್ವ ಫೋನು ಮಾಡಿದಾಗ ನಾನು ಕೌಂಟರಿನಲ್ಲಿದ್ದೆ. ಬಸ್ಸಿನಲ್ಲಿ ಹೇಗೆ ಬಂದೆನೋ... ಆ ದಾರಿ ಈಗಲೂ ನೆನಪಿಗೆ ಬರುವುದಿಲ್ಲ.

ಅವರ ನೆನಪಿನ ಪುಣ್ಯಾನುಮೋದನದ ದಿನ ಫೋಟೋದ ಎದುರು ಮೇಣದಬತ್ತಿ ಹಚ್ಚಿ ಎಲ್ಲರೂ ಕುಳಿತೆವು. ವಂದನೆ ಹೇಳಬೇಕಿತ್ತು. ಹೇಳುವವರು ಯಾರು? ಓಣಿಯಲ್ಲಿ ಯಾರು ಸತ್ತರೂ ಕಾಕುವೇ ಹೇಳುತ್ತಿದ್ದರು, ಆ ಕೆಲಸ ಇನ್ನೊಬ್ಬರಿಗೆ ಬಂದೀತೆಂದು ಯಾರೂ ಯೋಚಿಸಿರಲಿಲ್ಲ. ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿದರು. ಕಮಿಟಿಯ ಹುಡುಗ ಜೇಬಿನಿಂದ ಪೆನ್ ಡ್ರೈವು ತೆಗೆದು ಕೈಯಲ್ಲಿಟ್ಟುಕೊಂಡು, ಹಚ್ಚಲೋ ಬೇಡವೋ ಎಂದು ನನ್ನನ್ನೇ ನೋಡಿದ. ಕಾಕುವಿನ ಫೋಟೋದ ಎದುರು ಪೆನ್ ಡ್ರೈವೇ? ಮೈಯೆಲ್ಲ ಉರಿಯಿತು. ಆ ಉರಿಯಲ್ಲೇ ಬಾಯಿ ತೆರೆದೆ. ಮೊದಲ ಸಾಲು ನಡುಗುತ್ತ ಹೊರಬಂತು. ಮಂದಿ ತಿರುಗಿ ಹೇಳಿದರು. ಎದುರಿಗೆ ಕುಳಿತಾಗ ಆ ದನಿ ಎದೆಗೆ ಬಂದು ತಾಗುತ್ತದೆ, ಮುಂದಿನ ಸಾಲಿಗೆ ತಾನೇ ಎತ್ತುತ್ತದೆ. ಇದಿಲ್ಲದೆ ಕಾಕು ಎಷ್ಟು ಹುಣ್ಣಿಮೆ ಒಬ್ಬರೇ ಹೇಳಿದ್ದರೋ ಎಂದು ಅನ್ನಿಸಿ ಬಿಕ್ಕಿದೆ. ಬಿಕ್ಕುತ್ತಲೇ ಮುಗಿಸಿದೆ.

ಅಳಿದ ಊರಿಗೆ ಉಳಿದವನೇ ಗೌಡ ಎಂಬಂತೆ ಈಗ ಹುಣ್ಣಿಮೆಗೆ ನಾನೇ ಮುಂದೆ ಕೂಡುತ್ತೇನೆ. ಪಕ್ಕದ ಮನೆಗೆ ಬೀಗ ಬಿದ್ದಿದೆ. ನನ್ನ ಕಿವಿ ಚೆನ್ನಾಗಿವೆ, ಏನೂ ಹಾಕಿಕೊಳ್ಳಬೇಕಿಲ್ಲ. ನಾನು ಒಂದು ಸಾಲು ಹೇಳುತ್ತೇನೆ, ಮಂದಿ ತಿರುಗಿ ಹೇಳುತ್ತಾರೆ, ಕೊನೆಯ ಅಕ್ಷರದವರೆಗೂ ಕಾಯುತ್ತೇನೆ. ಅವ್ವನ ದನಿ ಬೇರೆ ಕೇಳುತ್ತದೆ, ಮಕ್ಕಳ ದನಿ ಬೇರೆ ಕೇಳುತ್ತದೆ, ಕಮಿಟಿಯ ಹುಡುಗನದೂ ಕೇಳುತ್ತದೆ. ಎಲ್ಲರದೂ ಕೇಳುತ್ತದೆ, ಕಾಕುವಿನದೊಂದು ಇಲ್ಲ.