ಹಿಂದಿನ ಸಾಲಿನ ಫೋನುಗಳು

ಮಾದಕ್ಕ, ನಾನು ನಿನಗೆ ಸುಳ್ಳು ಹೇಳಿದೆ. ಸೇಲಂನ ಆ ಕಲ್ಯಾಣ ಮಂಟಪದಲ್ಲಿ, ನಿನ್ನ ಹಾಡಿಗೆ ನಿನ್ನ ಊರವರೇ ಓಟು ಹಾಕಲಿಲ್ಲ ಎಂದು ನೀನು ನಂಬುವ ಹಾಗೆ ಮಾಡಿದವನು ನಾನು. ಅವರು ಓಟು ಹಾಕಲು ಒದ್ದಾಡಿದ್ದರು. ಹಾಕಲಾಗದಂತೆ ಮಾಡಿದ್ದು ನನ್ನ ಕೈ. ಅದು ನನಗೆ ಆಮೇಲೆ ಗೊತ್ತಾದದ್ದಲ್ಲ—ಅಲ್ಲೇ, ಆಗಲೇ ಗೊತ್ತಿತ್ತು.

ನಿನಗೆ ಕನ್ನಡ ಓದಲು ಬಾರದು. ನನಗೂ ಶಾಲೆ ಕಲಿಸಿದ್ದು ತಮಿಳು. ಈ ಅಕ್ಷರಗಳನ್ನು ಅಮ್ಮ ಒಲೆಯ ಮುಂದೆ ಕೂರಿಸಿಕೊಂಡು ತಿದ್ದಿಸಿದ್ದಳು. ನೀನು ಓದಲಾರೆ ಎಂಬ ಧೈರ್ಯದಿಂದಲೇ ಬರೆಯಲು ಕೂತೆನೋ ಏನೋ—ಅದನ್ನೂ ಒಪ್ಪಿಕೊಂಡುಬಿಡುತ್ತೇನೆ.

ಮೊದಲು ನನ್ನ ಜಂಬದ ವಿಷಯ ಹೇಳಬೇಕು. ಕೆಟ್ಟದ್ದೆಲ್ಲ ಹುಟ್ಟಿದ್ದು ಅಲ್ಲಿಂದಲೇ. ಶಂಕಗಿರಿಯ ಲಾರಿ ಆಫೀಸುಗಳಲ್ಲಿ, ಏರ್ಕಾಡಿನ ಎಸ್ಟೇಟ್ ಬಂಗಲೆಗಳಲ್ಲಿ ವೈಫೈ ಹಾಕಿದವನು ನಾನು. ಈ ಸೀಮೆಯಲ್ಲಿ ನನ್ನಷ್ಟು ಅಚ್ಚುಕಟ್ಟಾಗಿ ಹಾಕುವವನು ಇನ್ನೊಬ್ಬನಿಲ್ಲ—ತಪ್ಪೊಪ್ಪಿಕೊಳ್ಳುತ್ತಿರುವ ಈ ಹೊತ್ತಿನಲ್ಲೂ ಹೇಳುತ್ತೇನೆ, ಇಲ್ಲ! ಹಾಗಾಗಿ ನಮ್ಮ ಕನ್ನಡದವರ ಸಂಘದ ಹಾಡಿನ ಸ್ಪರ್ಧೆಗೆ ತೀರ್ಪುಗಾರರು ಬೇಡ, ಸಭಿಕರೇ ಫೋನಿನಲ್ಲಿ ಓಟು ಹಾಕಲಿ ಎಂದು ತೀರ್ಮಾನವಾದಾಗ ಎಲ್ಲರೂ ತಿರುಗಿ ನೋಡಿದ್ದು ನನ್ನನ್ನೇ. ಅಷ್ಟು ಜನ ಒಂದೆಡೆ ಸೇರಿದರೆ ಮೊಬೈಲ್ ಸಿಗ್ನಲ್ ಕೈಕೊಡುತ್ತದೆ. ಅದಕ್ಕೆ ಮಂಟಪಕ್ಕೇ ಒಂದು ಸ್ವಂತ ನೆಟ್‌ವರ್ಕ್ ಕಟ್ಟಿದೆ. ಕಂಬಗಳಿಗೆ ವೈಫೈ ಪೆಟ್ಟಿಗೆ, ವೇದಿಕೆಯ ಪಕ್ಕ ನನ್ನ ಲ್ಯಾಪ್‌ಟಾಪ್. ಫೋನಿನಲ್ಲಿ ನೆಟ್‌ವರ್ಕಿನ ಹೆಸರು ಒತ್ತಿದರೆ ಹಾಡುಗಾರರ ಪಟ್ಟಿ ತೆರೆಯುತ್ತದೆ. ಬೇಕಾದವರ ಹೆಸರು ಒತ್ತಿದರೆ ದೊಡ್ಡ ಪರದೆಯ ಮೇಲೆ ಅವರ ಬಣ್ಣದ ಪಟ್ಟೆ ಏರುತ್ತದೆ.

ಆ ಪೆಟ್ಟಿಗೆಗಳಲ್ಲಿ ಎರಡು ದಾರಿಗಳಿರುತ್ತವೆ ಅಕ್ಕ. ಒಂದು ಹಳೆಯದು, ಎಲ್ಲ ಫೋನಿಗೂ ಸಿಗುತ್ತದೆ, ಜನ ತುಂಬಿದರೆ ತೆವಳುತ್ತದೆ. ಇನ್ನೊಂದು ಹೊಸದು, ವೇಗದ್ದು. ಹಳೆಯ ಅಗ್ಗದ ಫೋನುಗಳ ಕಣ್ಣಿಗೆ ಅದು ಬೀಳುವುದೇ ಇಲ್ಲ. ಪಟ್ಟೆಗಳು ಎಲ್ಲೂ ಎಡವದೆ ಏರಲಿ ಎಂದು ಸ್ಪರ್ಧೆಯ ದಿನ ಬೆಳಿಗ್ಗೆ ನಾನು ಹಳೆಯ ದಾರಿಯನ್ನು ಮುಚ್ಚಿಬಿಟ್ಟೆ. ಸಂಘದವರ ಫೋನುಗಳಲ್ಲಿ ಪರೀಕ್ಷೆ ಮಾಡಿದೆ. ಎಲ್ಲವೂ ಹೊಸ ಫೋನುಗಳು, ಎಲ್ಲದರಲ್ಲೂ ಸರಾಗವಾಗಿ ಬಂತು. ಬೆನ್ನು ತಟ್ಟಿದರು, ನಾನು ಉಬ್ಬಿಹೋದೆ.

ಆಮೇಲೆ ನೀವು ಪಾಲಮಲೆ ಬೆಟ್ಟದಿಂದ ಇಳಿದು ಬಂದಿರಿ. ಮುಖ ತುಂಬ ನಗು ನಿನಗೆ. "ಎಲ್ಲಾ ಒಂದೇ ವ್ಯಾನಲ್ಲಿ ಬಂದೊ ತಂಬಿ, ನಮ್ ನಾದ್ನಿನೂ ಬಂದವ್ಳೆ!" ಎಂದೆ. ಕುರಿ ಹೋಗುವ ದಾರಿಯ ಜಗಳದಲ್ಲಿ ನಿಮ್ಮೆರಡು ಮನೆಗಳ ನಡುವೆ ವರ್ಷಗಟ್ಟಲೆ ಮಾತಿರಲಿಲ್ಲವೆಂದೂ, ನಿನ್ನ ಹಾಡಿಗಾಗಿ ಅವಳು ತಾನಾಗಿಯೇ ಬಂದು ವ್ಯಾನ್ ಹತ್ತಿದಳೆಂದೂ ನೀನೇ ಹೇಳಿದೆ. ಮುಂದೆ ಜಾಗವಿಲ್ಲದೆ ನಿನ್ನವರೆಲ್ಲ ಕೊನೆಯ ಸಾಲುಗಳಲ್ಲಿ ಕೂತರು.

ನೀನು ಹಾಡಿದೆ. ಸಂಜೆ ಹೊತ್ತು ಗುಡ್ಡದಲ್ಲಿ ಚದುರಿದ ಕುರಿಗಳನ್ನು ಒಂದೊಂದನ್ನೇ ಹೆಸರು ಹಿಡಿದು ಕರೆಯುವ ಹಾಡು. ಕನ್ನಡದಲ್ಲಿ ಕೇಳಿದರೆ ತಮಿಳಿನಲ್ಲಿ ಉತ್ತರ ಕೊಡುವ ನಮ್ಮ ಸೇಲಂ ಹುಡುಗರು ಕೂಡ ಬಾಯಿ ಮುಚ್ಚಿ ಕೇಳಿದರು. ಇದು ನನ್ನ ಮಾತು, ನನ್ನ ಮನೆಯ ಮಾತು ಎಂದು ನನಗೆ ಕಣ್ಣು ತುಂಬಿ ಬಂತು. ಇದು ಮಾತ್ರ ಸುಳ್ಳಲ್ಲ ಅಕ್ಕ.

ಓಟು ಶುರುವಾಯಿತು. ಹಿಂದಿನಿಂದ ಒಂದು ಕೂಗು—"ಏಯ್ ತಂಬಿ, ಪೇರೇ ಬರ್ತಾ ಇಲ್ಲ ಇಲ್ಲಿ!" ಒತ್ತಬೇಕಾದ ನೆಟ್‌ವರ್ಕಿನ ಹೆಸರೇ ಫೋನಿನಲ್ಲಿ ಕಾಣುತ್ತಿಲ್ಲವೆಂದು. ಇನ್ನೊಂದು. ಮತ್ತೊಂದು. ಎಲ್ಲವೂ ಕೊನೆಯ ಸಾಲುಗಳಿಂದ. ಕಾರಣ ನನಗೆ ಆ ಕ್ಷಣವೇ ತಿಳಿಯಿತು. ಹಳೆಯ ದಾರಿಯನ್ನು ತೆರೆಯಲು ಲ್ಯಾಪ್‌ಟಾಪಿನಲ್ಲಿ ಒಂದು ಗುರುತು ಒತ್ತಿದ್ದರೆ ಸಾಕಿತ್ತು. ಆದರೆ ಒತ್ತಿದರೆ ಪೆಟ್ಟಿಗೆಗಳು ಒಮ್ಮೆ ಆರಿ ಹತ್ತಬೇಕು. ಅಷ್ಟು ಹೊತ್ತು ಪರದೆ ನಿಂತೇ ಇರಬೇಕು, ಅತಿಥಿಗಳೆಲ್ಲರ ಎದುರು. ಪಟ್ಟೆಗಳು ಆಗ ಎಷ್ಟು ಚೆಂದ ಏರುತ್ತಿದ್ದವು, ಹಾಲು ಉಕ್ಕಿದ ಹಾಗೆ...

ನಾನು ಒತ್ತಲಿಲ್ಲ. ಮೈಕ್ ಹಿಡಿದು, "ನೆಟ್‌ವರ್ಕ್ ಪಕ್ಕಾ ಇದೆ, ಒಂದು ಓಟೂ ತಪ್ಪಿಲ್ಲ" ಎಂದೆ. ಚಪ್ಪಾಳೆ ಬಿತ್ತು. ಗೆದ್ದದ್ದು ಸೇಲಂನ ಒಬ್ಬ ಹುಡುಗಿ. ಅವಳೂ ಚೆನ್ನಾಗಿಯೇ ಹಾಡಿದ್ದಳು, ಅವಳದೇನೂ ತಪ್ಪಿಲ್ಲ.

ವೈರು ಸುತ್ತುತ್ತಿದ್ದಾಗ ನೀನು ನನ್ನ ಹತ್ತಿರ ಬಂದೆ.

"ತಂಬಿ, ನಮ್ಮೋರು ಫೋನಲ್ಲಿ ಪೇರೇ ಬರಲಿಲ್ಲ ಅಂತಾರೆ. ನಾದ್ನಿನೂ ಅಂಗೇ ಅಂತಾಳೆ. ನಿಜವಾ?"

ನಿಜ ಎನ್ನುವ ಒಂದೇ ಮಾತು ಸಾಕಿತ್ತು. ನಾನು ಹೇಳಿದ್ದು ಇದು—"ಮಂಟಪದಲ್ಲಿ ಎಲ್ಲರಿಗೂ ಬಂತಕ್ಕ. ಓಟಾಕೋಕೆ ಮನಸ್ಸಿರ್ಬೇಕು, ಅಷ್ಟೇ."

ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ನಾನು ಅವಳಿಗಿಂತ ಕಡೆ—ನೆಲವನ್ನು ಡೊಂಕು ಮಾಡಿದವನೇ ನಿಂತು, ನಿಮ್ಮವರಿಗೆ ಕುಣಿಯುವ ಮನಸ್ಸಿರಲಿಲ್ಲ ಎಂದೆ. "ಸರಿ ತಂಬಿ" ಎಂದಷ್ಟೇ ಹೇಳಿ ನೀನು ಹೊರಟೆ. ನಿನ್ನವರ ಜೊತೆ ವ್ಯಾನ್ ಹತ್ತದೆ, ಬೆಟ್ಟದ ಬುಡದ ಕೊಳತ್ತೂರಿನ ಬಸ್ಸು ಹಿಡಿದು ಒಬ್ಬಳೇ ಹೋದೆಯಂತೆ. ಆಮೇಲೆ ಯಾರೋ ಹೇಳಿದರು. ಕೇಳಿಯೂ ನಾನು ಸುಮ್ಮನಿದ್ದೆ. ಒಂದು ವರ್ಷ, ಇನ್ನೊಂದು ವರ್ಷ... ಕೆಲಸ ಬೆಳೆಯಿತು, ಹೆಸರು ಬೆಳೆಯಿತು, ಬಾಯಿ ಮಾತ್ರ ಬಿಡಲಿಲ್ಲ.

ಹೋದ ತಿಂಗಳು ಧರ್ಮಪುರಿಯಲ್ಲಿ ಅಂಥದೇ ಸ್ಪರ್ಧೆ. ಅಲ್ಲಿ ಎರಡು ದಾರಿಗಳನ್ನೂ ತೆರೆದಿಟ್ಟೆ. ಪಟ್ಟೆಗಳು ಎಡವುತ್ತ ಎಡವುತ್ತ ಏರಿದವು, ಕರೆಸಿದವರು ಗೊಣಗಿದರು. ಗೊಣಗಲಿ! ಕೊನೆಯ ಸಾಲಿನವರೆಗೆ ಒಂದು ಫೋನೂ ಹೊರಗುಳಿಯಲಿಲ್ಲ. ನನ್ನ ಕೈಯಿಂದಾದ ಕೆಲಸಗಳಲ್ಲಿ ನನಗೆ ಹೆಚ್ಚು ಹೆಮ್ಮೆ ಅದರದೇ. ಆ ಹೆಮ್ಮೆಯಲ್ಲೇ ನಿಂತಿದ್ದಾಗ ಹಿಂದಿನ ಸಾಲಿನಿಂದ ನಿನ್ನ ನಾದಿನಿ ಎದ್ದು ಬಂದಳು. ಅದೇ ಹಳೆಯ ಫೋನು, ಒಡೆದ ಮೂಲೆಗೆ ಟೇಪು ಸುತ್ತಿದ್ದಳು.

"ಇವತ್ತು ಪೇರು ಬಂದೈತೆ ನೋಡಣ್ಣ" ಎಂದು ಪರದೆ ತೋರಿಸಿ ನಕ್ಕಳು. ಆಮೇಲೆ ದನಿ ತಗ್ಗಿಸಿದಳು. "ಆವತ್ತು ಬರಲಿಲ್ಲ. ದೇವ್ರಾಣೆ ಬರಲಿಲ್ಲ. ಅತ್ಗೆ ನಂಬಾಕಿಲ್ಲ. ನನ್ ಮಗಳ ಮದ್ವೆಗೂ ಬರಲಿಲ್ಲ, ಈಗೆಲ್ಲೂ ಪದ ಆಡೋದೂ ಇಲ್ಲ. ಎಲ್ಲರಿಗೂ ಬಂತು ಅಂತ ನೀನೇ ಏಳಿದ್ಯಂತೆ."

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ತಾನೇ ಏನೋ ತಪ್ಪು ಒತ್ತಿರಬೇಕು ಎಂಬಂತೆ ಆ ಫೋನನ್ನೇ ನೋಡುತ್ತಿದ್ದಳು. ನಾನು ಆಗಲೂ... ಆಗಲೂ ಹೇಳಲಿಲ್ಲ ಅಕ್ಕ.

ಈ ಭಾನುವಾರ ಬೆಟ್ಟ ಹತ್ತುತ್ತೇನೆ. ಮೊದಲು ನಿನ್ನ ನಾದಿನಿಯ ಮನೆಗೆ ಹೋಗಿ ಅವಳಿಗೆ ನಿಜ ಹೇಳುತ್ತೇನೆ. ಆಮೇಲೆ ಅವಳನ್ನೂ ಅವಳ ಫೋನನ್ನೂ ಕರೆದುಕೊಂಡು ನಿನ್ನ ಬಾಗಿಲಿಗೆ ಬರುತ್ತೇನೆ. ಇದನ್ನು ನಾನೇ ಗಟ್ಟಿಯಾಗಿ ಓದುತ್ತೇನೆ, ವ್ಯಾನಿನಲ್ಲಿ ಬಂದಿದ್ದವರೆಲ್ಲ ಕೇಳಲಿ. ನೀನು ನನ್ನನ್ನು ಕ್ಷಮಿಸಬೇಕಾಗಿಲ್ಲ, ಮಾದಕ್ಕ. ಅವಳನ್ನು ಒಳಗೆ ಕರೆದರೆ ಸಾಕು.