ತುಳಸಿಯ ಮೇಲಿನ ಬಿಳಿ ಧೂಳು

ಇಂಗ್ಲಿಷ್ ಎಂ.ಎ. ಓದುವಾಗ, ಶಹಾಬಾದಿನ ನಮ್ಮ ಓಣಿಯಲ್ಲೇ ಮನೆ ಮಾಡಿದ್ದ ಸರ್ ‘ನಿಮ್ಮೂರಿನ ಚಳಿಗಾಲದ ಮುಂಜಾನೆ’ ಎಂಬ ಪ್ರಬಂಧ ಬರೆಯಲು ಹೇಳಿದರು. ನಮ್ಮಲ್ಲಿ ಸುತ್ತಲೂ ನೆಲಕ್ಕೆ ಹಾಸುವ ಫರಸಿ ಕಲ್ಲು ಕೊಯ್ಯುವ ಮಷೀನುಗಳು. ಬೆಳಗಾಗುವುದರೊಳಗೆ ಮಾಳಿಗೆ, ಅಂಗಳ ಎಲ್ಲ ಕಲ್ಲಿನ ಧೂಳಿನಿಂದ ಬೆಳ್ಳಗಾಗಿರುತ್ತವೆ. ಪೂಜೆಗೆ ಮೊದಲು ಅವ್ವ ತುಳಸಿಯ ಒಂದೊಂದೇ ಎಲೆ ತೊಳೆಯುತ್ತಾಳೆ. ಅದನ್ನೇ ಬರೆದೆ.

“ಏನವಾ ಇದು? ಇಂಗ್ಲಿಷ್ ಓದೋರು ಧೂಳಿನ ಬಗ್ಗೆ ಬರೀತಾರೇನು? ಗೈಡಿನಾಗ ಹಿಮ ಅದ ನೋಡು, ಹಂಗ ಬರಿ,” ಎಂದು ಸರ್ ಹಾಳೆಯನ್ನು ನನ್ನತ್ತ ಎಸೆದರು.

ಉಳಿದವರೆಲ್ಲ ಗೈಡಿನಲ್ಲಿದ್ದದ್ದನ್ನೇ ಇಳಿಸಿದ್ದರು. ಚಿತ್ತಾಪುರದವಳ ಊರಲ್ಲೂ ಹಿಮ, ಚಿಂಚೋಳಿಯವನ ಊರಲ್ಲೂ ಹಿಮ. ಚಿಂಚೋಳಿಯಲ್ಲಿ ಹಿಮ ಬಿದ್ದದ್ದನ್ನು ಯಾರ ಮುತ್ತಜ್ಜ ಕಂಡಿದ್ದಾನೆ? ನನಗೆ ತಲೆಕೆಟ್ಟು ಹೋಯಿತು. ಮನೆಗೆ ಬಂದವಳೇ ಧೂಳು ಎಂದಿದ್ದಲ್ಲೆಲ್ಲ ಹಿಮ ಎಂದು ತಿದ್ದಿದೆ. ಬೇರೆ ಒಂದಕ್ಷರವನ್ನೂ ಮುಟ್ಟಲಿಲ್ಲ. ತುಳಸಿಯನ್ನೂ ಹಾಗೇ ಬಿಟ್ಟೆ.

ಮರುದಿನ ಸರ್ ಅದನ್ನು ಇಡೀ ಕ್ಲಾಸಿಗೆ ಓದಿದರು.

“ಭಾಳ ಚಂದ ಬರ್ದೀ ನೋಡವಾ! ಕಣ್ಣಾರೆ ಕಂಡಂಗೇ ಅದ. ಎಲ್ಲಿ ನೋಡಿದ್ದಿ ಇಂಥಾ ಹಿಮಾ?”

“ನಮ್ಮ ಓಣ್ಯಾಗ್ರಿ ಸರ,” ಎಂದೆ. “ನಿಮ್ಮ ಮನಿ ಮುಂದ.”